ನಕ್ಷೆಯ ಜೊತೆಗೇ ಇಂಗಾಲದ ಲೆಕ್ಕವನ್ನೂ ಕೇಳಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಸರ್ಜಾಪುರ, ವರ್ತೂರು, ದೇವನಹಳ್ಳಿ ಕಡೆ ಏಳುತ್ತಿರುವ ವಸತಿ ಸಮುಚ್ಚಯಗಳ ಜಾಹೀರಾತುಗಳಲ್ಲಿ ‘ಹಸಿರು’ ಎಂಬ ಮಾತಿಲ್ಲದವು ಅಪರೂಪ. ಚಾವಣಿಯ ಸೌರಫಲಕ, ಎಲ್‌ಇಡಿ ದೀಪ, ಮಳೆನೀರು ಕೊಯ್ಲು, ಆವರಣದೊಳಗಿನ ಗಿಡಗಳು, ಎಲ್ಲವೂ ಬೇಕಾದವೇ. ಆದರೆ ಇಡೀ ಯೋಜನೆಯಿಂದ ಎಷ್ಟು ಟನ್ ಹಸಿರುಮನೆ ಅನಿಲ ವಾತಾವರಣಕ್ಕೆ ಸೇರುತ್ತದೆ ಎಂಬ ಅಂಕಿಯನ್ನು ಅವುಗಳಲ್ಲಿ ನಾನು ಕಂಡಿಲ್ಲ.

ಕಟ್ಟಡದ ಕೆಲಸದಲ್ಲಿರುವವರಿಗೆ ರೂಢಿಯ ಲೆಕ್ಕವೊಂದು ಗೊತ್ತು: ಒಂದು ಚದರ ಅಡಿಗೆ ಸುಮಾರು 0.4 ಚೀಲ, ಅಂದರೆ 20 ಕಿಲೊ ಸಿಮೆಂಟ್, 4 ಕಿಲೊ ಕಬ್ಬಿಣ. ಒಂದು ಕಿಲೊ ಸಿಮೆಂಟಿನ ತಯಾರಿಕೆಯಲ್ಲಿ 0.6 ಕಿಲೊ ಆಸುಪಾಸು, ಅದಿರಿನಿಂದ ತೆಗೆದ ಒಂದು ಕಿಲೊ ಉಕ್ಕಿಗೆ 2 ಕಿಲೊಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸುಣ್ಣಕಲ್ಲನ್ನು ಸುಟ್ಟಾಗ ಕಲ್ಲಿನೊಳಗೇ ಇದ್ದ ಅನಿಲ ಬಿಡುಗಡೆಯಾಗುವುದರಿಂದ ಇಂಧನ ಬದಲಿಸಿದರೂ ಸಿಮೆಂಟಿನ ಹೊರೆ ಪೂರ್ತಿ ಇಳಿಯುವುದಿಲ್ಲ. ಹೀಗೆ 1,200 ಚದರ ಅಡಿಯ ಒಂದು ಮನೆಗೆ ಈ ಎರಡು ಸಾಮಗ್ರಿಗಳಿಂದಲೇ ಸುಮಾರು 24 ಟನ್ ಆಗುತ್ತದೆ. ತಿಂಗಳಿಗೆ 200 ಯುನಿಟ್ ಬಳಸುವ ಕುಟುಂಬದ ವಿದ್ಯುತ್ತನ್ನು, ಯುನಿಟ್ಟಿಗೆ 0.7 ಕಿಲೊದಂತೆ ಲೆಕ್ಕ ಹಾಕಿದರೆ, ವರ್ಷಕ್ಕೆ 1.7 ಟನ್ ಬರುತ್ತದೆ. ಅಂದರೆ ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಮೊದಲೇ ಹದಿನಾಲ್ಕು ವರ್ಷಗಳ ವಿದ್ಯುತ್ತಿನಷ್ಟು ಇಂಗಾಲ ಗಾಳಿಗೆ ಸೇರಿ ಆಗಿರುತ್ತದೆ. ಐನೂರು ಮನೆಗಳಿಗೆ ಇದು 12,000 ಟನ್. ಐನೂರು ಗಿಡ ನೆಟ್ಟು, ಅವೆಲ್ಲ ಬದುಕಿ ದೊಡ್ಡವಾಗಿ, ತಲಾ 20 ಕಿಲೊ ಹೀರಿದವೆಂದರೂ ವರ್ಷಕ್ಕೆ 10 ಟನ್ ಮಾತ್ರ.

ಕಾನೂನಿನಲ್ಲಿ ಇದಕ್ಕೆ ಎಡೆಯೇ ಇಲ್ಲವೆಂದಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳು ಪೂರ್ವಾನುಮತಿ ಪಡೆಯಬೇಕು. ಅದರ ಅರ್ಜಿ ನಮೂನೆ 1ಎ ಸಾಮಗ್ರಿಗಳಲ್ಲಿ ಅಡಗಿರುವ ಶಕ್ತಿಯ, ಅಂದರೆ ಅವುಗಳ ತಯಾರಿಕೆಗೆ ತಗಲುವ ಶಕ್ತಿಯ ಬಗ್ಗೆಯೂ ಪ್ರಶ್ನೆ ಕೇಳಿತ್ತು. ಆದರೆ ಆ ಪ್ರಶ್ನೆಗೆ ವಿವರಣೆ ಸಾಕಿತ್ತು, ಟನ್ನಿನ ಲೆಕ್ಕ ಬೇಕಿರಲಿಲ್ಲ. ನಾನು ಓದಿದ ಒಂದು ಅರ್ಜಿಯಲ್ಲಿ ಉತ್ತರ ಒಂದೇ ಸಾಲಿನಲ್ಲಿ ಮುಗಿದಿತ್ತು.

ಲೆಕ್ಕ ಗೇಟಿನೊಳಗೆ ನಿಲ್ಲಕೂಡದು. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೊಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪಾಗಿ ಬರುತ್ತದೆ. ನಷ್ಟವನ್ನೂ ಸೇರಿಸಿದರೆ ಸಾವಿರ ಲೀಟರಿಗೆ ಸುಮಾರು 2 ಯುನಿಟ್. ನಾಲ್ವರ ಮನೆಗೆ ವರ್ಷಕ್ಕೆ ಇದು 400 ಯುನಿಟ್ಟಾಗುತ್ತದೆ, ಅಂದರೆ ಅದೇ ಮನೆಯ ಎರಡು ತಿಂಗಳ ಬಳಕೆ, ಆದರೆ ಆ ಮನೆಯ ಮೀಟರಿನಲ್ಲಿ ಕಾಣದ ಬಳಕೆ. ನಿತ್ಯ 15 ಕಿಲೊಮೀಟರ್ ದೂರದ ಕಚೇರಿಗೆ ಕಾರಿನಲ್ಲಿ ಹೋಗಿಬರುವವರು, ಲೀಟರಿಗೆ 12 ಕಿಲೊಮೀಟರ್ ಎಂದುಕೊಂಡರೂ, ವರ್ಷಕ್ಕೆ ಸುಮಾರು 1.4 ಟನ್ ಹೊರಬಿಡುತ್ತಾರೆ. ಮನೆಯ ವಿದ್ಯುತ್ತಿಗೆ ಇದು ಹತ್ತಿರದ ಮೊತ್ತ. ಮೆಟ್ರೊ ಇಲ್ಲದ, ಬಸ್ಸು ವಿರಳವಾದ ಕಡೆ ಸಾವಿರ ಮನೆಗಳಿಗೆ ಒಪ್ಪಿಗೆ ಕೊಟ್ಟಾಗ ಈ ಹೊರೆಯೂ ಅದರೊಡನೆ ಮಂಜೂರಾಗುತ್ತದೆ.

ಡೆನ್ಮಾರ್ಕ್ 2023ರಿಂದ ದೊಡ್ಡ ಹೊಸ ಕಟ್ಟಡಗಳ ಜೀವಿತಾವಧಿಯ ಹೊರಸೂಸುವಿಕೆಗೆ ಮಿತಿ ಹಾಕಿದೆ. ನಾವು ಮಿತಿಗೆ ಮುನ್ನ ಲೆಕ್ಕವನ್ನಾದರೂ ಕೇಳೋಣ. ಲೆಕ್ಕ ಕೇಳಿದರೆ ಆಯ್ಕೆಗಳು ತಾವಾಗಿ ಮುಂದೆ ಬರುತ್ತವೆ. ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗಳ ಕಿಟ್ಟ, ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಸಿಮೆಂಟಿನ ಪಾಲನ್ನು ತಗ್ಗಿಸಬಲ್ಲವು. ಭಾರತೀಯ ವಿಜ್ಞಾನ ಸಂಸ್ಥೆ ದಶಕಗಳ ಕಾಲ ಅಭ್ಯಸಿಸಿದ, ಸುಟ್ಟ ಇಟ್ಟಿಗೆಯ ಕಾಲು ಭಾಗದಷ್ಟೇ ಶಕ್ತಿ ಬೇಡುವ ಮಣ್ಣು-ಸಿಮೆಂಟ್ ಇಟ್ಟಿಗೆ ಕಡಿಮೆ ಎತ್ತರದ ಮನೆಗಳಿಗೆ ಧಾರಾಳವಾಗಿ ಒಗ್ಗುತ್ತದೆ.

ಆದ್ದರಿಂದ ರಾಜ್ಯ ಸರ್ಕಾರ, 20,000 ಚದರ ಮೀಟರ್ ಮೀರಿದ ಪ್ರತಿ ವಸತಿ ಯೋಜನೆಯ ಅರ್ಜಿಯಲ್ಲಿ ಸಾಮಗ್ರಿ, ವಿದ್ಯುತ್, ನೀರು, ಸಂಚಾರ ಈ ನಾಲ್ಕರ ಹೊರಸೂಸುವಿಕೆಯನ್ನು ಟನ್ನುಗಳಲ್ಲಿ ಘೋಷಿಸುವುದನ್ನು ಕಡ್ಡಾಯ ಮಾಡಬೇಕೆಂದು ವಿನಂತಿಸುತ್ತೇನೆ. ಸ್ವಾಧೀನಾನುಭವ ಪತ್ರ ಕೊಡುವಾಗ, ನಿಜವಾಗಿ ಬಳಸಿದ ಸಿಮೆಂಟು ಮತ್ತು ಕಬ್ಬಿಣದ ಬಿಲ್ಲುಗಳೊಡನೆ ಆ ಘೋಷಣೆಯನ್ನು ತಾಳೆ ನೋಡಿ, ಎರಡೂ ಅಂಕಿಗಳನ್ನು ಮನೆ ಕೊಳ್ಳುವವರಿಗೆ ಕಾಣುವಂತೆ ಪ್ರಕಟಿಸಬೇಕು.

— ನಿವೃತ್ತ ಸಿವಿಲ್ ಎಂಜಿನಿಯರ್, ಬೆಂಗಳೂರು