ದೀಪದ ಬೆಲೆ ಏರಿದ್ದು ಯಾಕೆ, ಹಳೆ ದೀಪ ವಾಪಸ್ ಕೇಳುತ್ತಿರುವುದು ಯಾಕೆ

ನಮ್ಮ ಗ್ರಾಹಕರೆಲ್ಲರಿಗೂ ನಮಸ್ಕಾರ.

ನೇರ ವಿಷಯಕ್ಕೆ ಬರುತ್ತೇನೆ. ಈ ತಿಂಗಳಿಂದ ನಮ್ಮ ಚನ್ನಪಟ್ಟಣದ ಸಂಘದಲ್ಲಿ ಮರಕ್ಕೆ ಅರಗಿನ ಬಣ್ಣ ಹಚ್ಚಿ ಮಾಡುವ ಕರೆಂಟಿನ ಮೇಜಿನ ದೀಪ 1,450 ಅಲ್ಲ, 1,790 ರೂಪಾಯಿ. ಎರಡು ಪಿನ್ ಪ್ಲಗ್ಗಿನ ದೀಪ ಇನ್ನು ಮಾರುವುದಿಲ್ಲ. ವೈರ್ ಇಲ್ಲದ ಬರೀ ಮರದ ಕಂಬವನ್ನೂ ಕೊಡುವುದಿಲ್ಲ. ನಮ್ಮಿಂದ ಮೊದಲು ಕೊಂಡ ದೀಪ ಮನೆಯಲ್ಲಿದ್ದರೆ ದಯವಿಟ್ಟು ಇವತ್ತೇ ಪ್ಲಗ್ ಕಿತ್ತಿಡಿ.

ಹೋದ ದೀಪಾವಳಿ ಆದ ಮೇಲೆ ಮೈಸೂರಿನ ಒಬ್ಬರು ದೀಪವನ್ನು ಟವೆಲ್‌ನಲ್ಲಿ ಸುತ್ತಿ ತಂದು ನಮ್ಮ ಮೇಜಿನ ಮೇಲೆ ಇಟ್ಟರು. ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. 60 ವ್ಯಾಟಿನ ಹಳೇ ಕಾಲದ ಬಲ್ಬ್ ಹಾಕಿ ರಾತ್ರಿಯೆಲ್ಲ ಉರಿಸಿದ್ದರಂತೆ. ಹೋಲ್ಡರ್ ಕೆಳಗಿನ ಕೆಂಪು ಅರಗು ಮೆತ್ತಗಾಗಿ ಇಳಿದಿತ್ತು, ಅದರ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಕೂತಿತ್ತು. ಲೇತ್ ಮೇಲೆ ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುವ ಬಣ್ಣ ಅದು, ಬಲ್ಬಿನ ಬಿಸಿಗೆ ಸುಮ್ನೆ ಇರುತ್ತಾ? ಬುಡ ಬಿಚ್ಚಿದರೆ ಇನ್ನೂ ಕೆಟ್ಟದಾಗಿತ್ತು. ವೈರ್ ಹೊರಗೆ ಬರುವ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ತಾಮ್ರ ಕಾಣುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ. "ಬಲ್ಬ್ ಹಾಕಿದ್ದು ಅವರು ತಾನೇ" ಅಂತ ನಮ್ಮಲ್ಲೇ ಒಬ್ಬರು ಅಂದರು. ಆದರೆ ಎಷ್ಟು ವ್ಯಾಟ್ ಹಾಕಬೇಕು ಅಂತ ನಾವು ಎಲ್ಲೂ ಬರೆದಿರಲಿಲ್ಲ. ತಪ್ಪು ನಮ್ಮದು. ಕ್ಷಮಿಸಿ.

ಈಗ ಎಲ್ಲರೂ ಕೇಳುವ ಮಾತಿಗೆ ಬರೋಣ. "ಮರ ಅದೇ, ಬಣ್ಣ ಅದೇ, ಒಂದು ವೈರ್ ಬದಲಾಯಿಸಿ 340 ರೂಪಾಯಿ ಜಾಸ್ತಿ ಮಾಡಿದ್ರಾ?" ಫೋನಿನಲ್ಲಿ ಕೇಳಿದ್ದಾರೆ, ಅಂಗಡಿಗೆ ಬಂದು ಕೇಳಿದ್ದಾರೆ, ನಮ್ಮ ಸಂಬಂಧಿಕರೂ ಬಿಟ್ಟಿಲ್ಲ. ಲೆಕ್ಕ ಹೇಳುತ್ತೇನೆ, ಕೇಳಿ. ಮೊದಲು ಪೇಟೆಯಿಂದ ತರುತ್ತಿದ್ದ ವೈರ್, ಪ್ಲಗ್ ಸೇರಿ 55 ರೂಪಾಯಿ. ಈಗ ಐಎಸ್‌ಐ ಗುರುತಿನ ಮೂರು ಎಳೆಯ ವೈರ್, ಮೇಲೆ ವೈರಿನ ಗುಣಮಟ್ಟದ ನಂಬರು ಐಎಸ್ 694 ಅಂತ ಅಚ್ಚಾಗಿರುವಂಥದ್ದು, ಮೂರು ಪಿನ್ನಿನ ಪ್ಲಗ್, ಎರಡೂ ಸೇರಿ 160. ಅಲ್ಲಿಗೇ 105 ಹೋಯಿತು. ಹೋಲ್ಡರ್ ಹಿತ್ತಾಳೆಯದು, ಬಲ್ಬ್ ಬದಲಾಯಿಸುವಾಗ ಕೈ ತಗಲುತ್ತದೆ, ಹಾಗಾಗಿ ಅದಕ್ಕೆ ಅರ್ಥಿಂಗ್ ಬೇಕೇಬೇಕು. ಅರ್ಥ್ ಸ್ಕ್ರೂ ಇರುವ ಹೋಲ್ಡರಿಗೆ 45 ಜಾಸ್ತಿ. ತೂತಿಗೆ ರಬ್ಬರ್ ಬುಷ್, ಎಳೆದರೂ ವೈರ್ ಕಿತ್ತು ಬರದಂತೆ ಒಳಗೊಂದು ಕ್ಲಿಪ್, 30. (ಮೊದಲು ಅಲ್ಲಿ ಬರೀ ಒಂದು ಗಂಟು ಹಾಕಿ ಬಿಡುತ್ತಿದ್ದೆವು. ಹೇಳಲು ನಾಚಿಕೆಯಾಗುತ್ತದೆ.) ಲೇಬಲ್, ಸೂಚನೆ ಚೀಟಿ, ಗಟ್ಟಿ ಡಬ್ಬಿ, 25. ಐಟಿಐ ಓದಿದ ಹುಡುಗಿಯೊಬ್ಬಳು ವಾರಕ್ಕೆ ಎರಡು ದಿನ ಬಂದು ಒಂದೊಂದೇ ದೀಪಕ್ಕೆ ಮೆಗ್ಗರ್ (ಕರೆಂಟ್ ಎಲ್ಲಾದರೂ ಸೋರುತ್ತಾ ಅಂತ ನೋಡುವ ಮೀಟರ್) ಹಚ್ಚಿ ನೋಡುತ್ತಾಳೆ, ಅವಳ ಕೂಲಿ ದೀಪವೊಂದಕ್ಕೆ 95. ಅವಳು ಬೇಡ ಅಂದದ್ದನ್ನು ಬಿಚ್ಚಿ ಮತ್ತೆ ಕಟ್ಟುವುದಕ್ಕೆ 40. ಕೂಡಿ ನೋಡಿ. ಇದರಲ್ಲಿ ಲೇತ್ ಮೇಲೆ ಕೂರುವವರ ಕೈಗೆ ಒಂದು ರೂಪಾಯಿಯೂ ಜಾಸ್ತಿ ಬಂದಿಲ್ಲ. ಅದಕ್ಕೇ "ಹೆಸರು ಬಂತು, ದುಡ್ಡಿನಾಸೆ ಶುರುವಾಯ್ತು" ಅನ್ನುವ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಹೆದ್ದಾರಿ ಪಕ್ಕ 700ಕ್ಕೆ ಸಿಗುತ್ತದೆ, ನಿಜ. ಕೊಳ್ಳುವ ಮುಂಚೆ ಬುಡ ತಿರುಗಿಸಿ ಆ ವೈರ್ ಒಂದು ಸಲ ನೋಡಿ, ಅಷ್ಟೇ.

"ವೈರ್ ಹಾಕದೆ ಕೊಡಿ, ನಮ್ಮ ಎಲೆಕ್ಟ್ರಿಷಿಯನ್ ಹಾಕ್ತಾನೆ" ಅನ್ನುವವರಿಗೆ: ತೂತು ಕೊರೆದು ದೀಪ ಅಂತ ಮಾರಿದ ಮೇಲೆ ನಾಳೆ ಶಾಕ್ ಹೊಡೆದರೆ ಯಾರೂ ಎಲೆಕ್ಟ್ರಿಷಿಯನ್‌ನ ಹುಡುಕಿಕೊಂಡು ಹೋಗಲ್ಲ, ನಮ್ಮ ಹತ್ತಿರವೇ ಬರುತ್ತಾರೆ. ಬೇರೆಯವರು ಮಾಡಿದ ಭಾಗ ತಂದು ಜೋಡಿಸುವವರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ತಯಾರಕರೇ. ವಸ್ತುವಿನ ದೋಷದಿಂದ ಹಾನಿಯಾದರೆ ಪರಿಹಾರ ಕೇಳಬಹುದು, ಸರಿಯಾದ ಎಚ್ಚರಿಕೆ ಬರೆದಿಲ್ಲ ಅನ್ನುವುದೂ ದೋಷವೇ. ಕೈಯಲ್ಲಿ ಮಾಡಿದ್ದು, ಸಣ್ಣವರು ಅಂತ ಅಲ್ಲಿ ರಿಯಾಯಿತಿ ಇಲ್ಲ. ಇರಲೂಬಾರದು, ಕರೆಂಟಿಗೆ ಸಣ್ಣವರು ದೊಡ್ಡವರು ಗೊತ್ತಾಗುತ್ತಾ?

ಇನ್ನೊಂದು. "ಚನ್ನಪಟ್ಟಣದ ಆಟಿಕೆಗೆ ಜಿಐ, ಅಂದರೆ ಊರಿನ ಹೆಸರಿನ ಗುರುತು, ಇದೆ ಅಲ್ವಾ, ಸಾಲದಾ?" ಅಂದರು ಒಬ್ಬರು. ಜಿಐ ಆಟಿಕೆ ಎಲ್ಲಿಯದು ಅಂತ ಹೇಳುತ್ತದೆ, ಶಾಕ್ ಹೊಡೆಯಲ್ಲ ಅಂತ ಹೇಳಲ್ಲ. ಡಬ್ಬಿ ಮೇಲೆ ಸುಮ್ನೆ ಒಂದು ಐಎಸ್‌ಐ ಸ್ಟಿಕ್ಕರ್ ಹಚ್ಚಿ ಅಂದವರೂ ಇದ್ದಾರೆ. ಗುರುತು ಇರುವುದು ಒಳಗಿನ ವೈರಿಗೆ, ಪ್ಲಗ್ಗಿಗೆ. ಇಡೀ ದೀಪಕ್ಕೆ ಹಚ್ಚಲು ನಮಗೆ ಲೈಸೆನ್ಸ್ ಇಲ್ಲ, ಹಚ್ಚಿದರೆ ಅಪರಾಧ. ಹೊರದೇಶದಲ್ಲಿರುವ ನಮ್ಮವರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು 230 ವೋಲ್ಟಿನ ದೀಪ, ಅಮೆರಿಕದಲ್ಲಿ 120, ಪ್ಲಗ್ಗೂ ಬೇರೆ, ಅಲ್ಲಿಯ ನಿಯಮವೂ ಬೇರೆ. ಬೊಂಬೆ ಕಳಿಸುತ್ತೇವೆ, ದೀಪ ಕಳಿಸಲ್ಲ.

ಹಳೆ ದೀಪ ತನ್ನಿ, ಇಲ್ಲವೇ ಕೊರಿಯರ್ ಮಾಡಿ. ವೈರ್, ಹೋಲ್ಡರ್, ಪ್ಲಗ್ ಎಲ್ಲ ಹೊಸದು ಹಾಕಿ ಕೊಡುತ್ತೇವೆ, ದುಡ್ಡು ಬೇಡ, ವಾಪಸ್ ಕಳಿಸುವ ಖರ್ಚೂ ನಮ್ಮದೇ. ಬಿಲ್ ಕಳೆದಿದ್ದರೂ ಪರವಾಗಿಲ್ಲ. ಬುಡದಲ್ಲಿರುವ ಉಳಿಯ ಗೆರೆ ನೋಡಿದರೆ ಯಾರ ಕೈಕೆಲಸ ಅಂತ ನಮಗೆ ಗೊತ್ತಾಗುತ್ತದೆ. ಹೊಸ ದೀಪಕ್ಕೂ 7 ವ್ಯಾಟ್ ಒಳಗಿನ ಎಲ್‌ಇಡಿ ಬಲ್ಬ್ ಮಾತ್ರ ಹಾಕಿ. ಬುಡದ ಲೇಬಲ್ ಮೇಲೂ ಅದನ್ನೇ ಬರೆದಿದ್ದೇವೆ, ಈ ಸಲ ದಪ್ಪಕ್ಷರದಲ್ಲಿ. ಭಾನುವಾರ ಬಿಟ್ಟು ಯಾವತ್ತು ಬಂದರೂ ನಾನು ಇರುತ್ತೇನೆ.

ಸಂಘದ ಪರವಾಗಿ,
ಲೆಕ್ಕ, ಪ್ಯಾಕಿಂಗು, ಬೈಗುಳ ಮೂರನ್ನೂ ನೋಡಿಕೊಳ್ಳುವವಳು
ಚನ್ನಪಟ್ಟಣ