‘ಇರ್ದೆನು’ ಅಂದ್ರೆ ಈಗ ಇಲ್ವಾ ಸರ್?

ಪ್ರೀತಿಯ ಗೆಳೆಯ,

ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುವ ಜಾಗದಲ್ಲೇ ಬರೆಯುತ್ತಿದ್ದೇನೆ. ಓದುವವರಲ್ಲಿ ನನ್ನಂಥ ಮೇಷ್ಟ್ರುಗಳಿದ್ದಾರೆ, ಹತ್ತನೇ ತರಗತಿ ಮಕ್ಕಳ ಅಪ್ಪ ಅಮ್ಮಂದಿರಿದ್ದಾರೆ, ಅವರೂ ಕೇಳಿಸಿಕೊಳ್ಳಲಿ. ಗಮ್ಮಿಲರ ವಿಷಯ ಮಾತ್ರ ನಿನಗೊಬ್ಬನಿಗೇ ಗೊತ್ತಾಗುವುದು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಹೌದು ಮಾರಾಯ, ಗಮ್ಮಿಲರು ಮತ್ತೆ ಬಂದರು. ಹೋದ ತಿಂಗಳು ಬೋರ್ಡಿನ ಮೇಲೆ ಬರೆದೆ: ‘ಗಮ್ಮಿಲರು ಸಂಜೆ ಹೊತ್ತಿಗೆ ತೊರಡೆಯನ್ನು ಸಿವರಿದರು.’ ಕೆಳಗೆ ಪ್ರಶ್ನೆ: ಗಮ್ಮಿಲರು ಏನನ್ನು ಸಿವರಿದರು? ಯಾವಾಗ ಸಿವರಿದರು? ಇಡೀ ತರಗತಿ ಒಂದೇ ದನಿಯಲ್ಲಿ, ‘ತೊರಡೆಯನ್ನು ಸಾರ್! ಸಂಜೆ ಹೊತ್ತಿಗೆ ಸಾರ್!’ ಎಲ್ಲರಿಗೂ ಪೂರ್ತಿ ಅಂಕ. ಅರ್ಥವೇ ಇಲ್ಲದ ಪದಗಳು ಅವು, ಆದರೂ ತೊರಡೆ ಅಂದರೇನು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ, ಯಾರಾದರೂ ಕೇಳಬಹುದು ಅಂತ. ಕೇಳಲಿಲ್ಲ.

‘ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ’ ಅಂತ ಕೊಡುತ್ತೇವಲ್ಲ, ಅದನ್ನು ನಮ್ಮ ಮಕ್ಕಳು ಮಾಡುವುದು ಹೀಗೇ. ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು, ಆ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆ, ಅದನ್ನೇ ಇಳಿಸು. ‘ಅನ್ನು’ ಪ್ರತ್ಯಯ ಕಂಡರೆ ‘ಏನನ್ನು’ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಂತ ಅವರಿಗೆ ಗೊತ್ತು. ವಿಭಕ್ತಿ ಚೆನ್ನಾಗಿ ಬರುತ್ತದೆ, ಅದು ಸಣ್ಣ ವಿಷಯವೇನಲ್ಲ. ಆದರೆ ಅರ್ಥದ ಹಂಗೇ ಇಲ್ಲದೆ ಉತ್ತರ ಬರುತ್ತದೆ. ಈ ದಾರಿ ಅವರಿಗೆ ತೋರಿಸಿಕೊಟ್ಟವನು ನಾನೇ. ‘ಸ್ಕೇಲ್ ಇಟ್ಟು ಗೆರೆ ಹಾಕಿ, ಆಮೇಲೆ ಬರೀರಿ’ ಅಂತ ಎಷ್ಟು ಸಲ ಹೇಳಿದ್ದೇನೋ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯ ನಿನಗೆ ಗೊತ್ತಲ್ಲ, ಉದ್ಯೋಗ ಪರ್ವದ್ದು. ಸಂಧಾನ ಮುರಿದು ವಾಪಸ್ಸು ಹೊರಟ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು, ನೀನು ಕುಂತಿಯ ಮಗ, ರಾಜ್ಯ ನಿನ್ನದು ಅನ್ನುವ ಭಾಗ. ಇದನ್ನು 8 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೊನ್ನೆ ಕಿರುಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿದ್ದೆ: ಕೃಷ್ಣನ ಮಾತು ಕೇಳಿ ಕರ್ಣ ದುಃಖಿಸಿದ್ದೇಕೆ? ನನ್ನ ಮಾದರಿ ಉತ್ತರ ಇದು: ಸಾಕಿದ ಒಡೆಯನ ಮೇಲಿದ್ದ ಸ್ವಾಮಿನಿಷ್ಠೆಯಿಂದ ದುಃಖಿಸಿದನು. 40 ಪತ್ರಿಕೆಯಲ್ಲೂ ಹೆಚ್ಚು ಕಡಿಮೆ ಅದೇ ಇತ್ತು, ಒಬ್ಬಳದು ಬಿಟ್ಟು. ಅವಳು ಬರೆದಿದ್ದಳು: ‘ಕರ್ಣನಿಗೆ ಇನ್ನು ಮೇಲೆ ಪಾಂಡವರನ್ನು ಹೊಡೆಯಲು ಮನಸ್ಸು ಬರುವುದಿಲ್ಲ. ಅದಕ್ಕೆ ಅಳುತ್ತಾನೆ.’ ಸೊನ್ನೆ ಹಾಕಿ ಮುಂದಕ್ಕೆ ಹೋದೆ. ಪತ್ರಿಕೆ ಜಾಸ್ತಿ ಇದ್ದವು, ಅವಸರ ಇತ್ತು. ಹೀಗೆ ಹೇಳಿದರೆ ಸಬೂಬಿನ ಹಾಗೆ ಕೇಳಿಸುತ್ತದೆ, ಸಬೂಬೇ ಅದು.

ಪತ್ರಿಕೆ ಕೊಟ್ಟ ಮಾರನೇ ದಿನ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅಂಕ ಕೇಳಲು ಬಂದಿರಬೇಕು ಅಂದುಕೊಂಡೆ. ಕೈಯಲ್ಲಿ ಪಠ್ಯಪುಸ್ತಕ, ಚೂಪು ಮಾಡಿದ ಪೆನ್ಸಿಲ್, ಆರಿಂಚಿನ ಸ್ಕೇಲು. ‘ಸರ್, ಸ್ವಾಮಿನಿಷ್ಠೆ ಅಂತ ಯಾವ ಸಾಲಲ್ಲಿದೆ? ಗೆರೆ ಹಾಕ್ಕೋತೀನಿ.’ ಅಷ್ಟೇ ಕೇಳಿದ್ದು. ನಾನು ಹೇಳಿಕೊಟ್ಟ ಪಾಠವನ್ನು ಅವಳು ಶ್ರದ್ಧೆಯಿಂದ ಪಾಲಿಸುತ್ತಿದ್ದಳು. ಉತ್ತರ ಓದಿದ್ದರಲ್ಲೇ ಇರಬೇಕು, ಅದಕ್ಕೆ ಗೆರೆ ಬೀಳಬೇಕು.

ಪುಸ್ತಕ ಇಸಕೊಂಡು ಹುಡುಕಿದೆ. ಆ ಪದ ಇಲ್ಲ, ಇರುವುದೂ ಇಲ್ಲ ಅಂತ ಗೊತ್ತಿತ್ತು. ಆ ಅರ್ಥದ ಸಾಲು ತೋರಿಸಿದೆ:

ಹೊರೆದ ದಾತಾರಂಗೆ ಹಗೆವರ
ಶಿರವನರಿದೊಪ್ಪಿಸುವೆನೆಂಬೀ
ಭರದೊಳಿರ್ದೆನು ಕೌರವೇಂದ್ರನ ಕೊಂದೆ ನೀನೆಂದ

‘ಸಾಕಿದವನಿಗೆ ಅವನ ಶತ್ರುಗಳ ತಲೆ ಕಡಿದು ಒಪ್ಪಿಸ್ತೀನಿ ಅನ್ನೋ ಉತ್ಸಾಹದಲ್ಲಿದ್ದೆ ಅಂತಾನೆ ನೋಡು, ಇದೇ ಸ್ವಾಮಿನಿಷ್ಠೆ’ ಅಂದೆ. ಅವಳು ಸ್ಕೇಲನ್ನು ಸಾಲಿನ ಕೆಳಗೆ ಇಟ್ಟಳು. ಪೆನ್ಸಿಲ್ ಎಳೆಯಲಿಲ್ಲ. ಬೆರಳನ್ನು ಒಂದೇ ಪದದ ಮೇಲೆ ಇಟ್ಟು ಕೇಳಿದಳು. ‘ಇರ್ದೆನು ಅಂದ್ರೆ ಇದ್ದೆ ಅಂತ ಅಲ್ವಾ ಸರ್? ಈಗ ಇಲ್ವಾ?’

ನೋಡು, 8 ವರ್ಷ. ಆ ‘ಇರ್ದೆನು’ ನನಗೆ ಕಂಡೇ ಇರಲಿಲ್ಲ. ಭೂತಕಾಲ! ಆ ಭರದಲ್ಲಿ ಇದ್ದೆ, ನೀನು ಬಂದು ಈ ಮಾತು ಹೇಳುವವರೆಗೆ ಇದ್ದೆ. ಅದರ ಬೆನ್ನಿಗೇ ‘ಕೊಂದೆ’. ದುರ್ಯೋಧನ ಬದುಕಿದ್ದಾನೆ, ಯುದ್ಧ ಶುರುವೇ ಆಗಿಲ್ಲ, ಆದರೂ ಕರ್ಣ ಆಗಲೇ ಮುಗಿದ ಕೆಲಸದ ಹಾಗೆ ಹೇಳುತ್ತಾನೆ, ಕೊಂದುಬಿಟ್ಟೆ ನೀನು ಅಂತ. ಯಾಕೆಂದರೆ ಕೌರವ ನೆಚ್ಚಿಕೊಂಡಿದ್ದ ತೋಳಿನ ಬಲ ಆ ಗಳಿಗೆಯಲ್ಲೇ ಹೋಯಿತು. ಸ್ವಲ್ಪ ಹಿಂದಿನ ಪದ್ಯ ನೋಡಿದರೆ ಅಲ್ಲೂ ಅದೇ, ‘ತನ್ನ ವಂಶವನರುಹಿ ಕೊಂದನು’. ನನ್ನ ಹುಟ್ಟು ತಿಳಿಸಿಯೇ ಕೊಂದ. ಬಾಣ ಬೇಡ, ಗದೆ ಬೇಡ, ಒಂದು ಸುದ್ದಿ ಸಾಕು. ಇನ್ನೂ ಹಿಂದಕ್ಕೆ ಹೋದರೆ, ಭೂಮಿಗೆ ಒಡೆಯ ನೀನು ಅಂತ ಕೃಷ್ಣ ಹೇಳಿದ್ದನ್ನು ಕುಮಾರವ್ಯಾಸ ಏನಂತ ಕರೆಯುತ್ತಾನೆ ಗೊತ್ತಾ? ‘ರವಿಸುತನ ಕಿವಿಯಲಿ ಬಿತ್ತಿದನು ಭಯವ.’ ರಾಜ್ಯ ಕೊಡುವ ಮಾತಿಗೆ ಭಯ ಬಿತ್ತುವುದು ಅನ್ನುತ್ತಾನೆ! ಇನ್ನು ಭಾಗದ ಕೊನೆಗೆ ಕರ್ಣನ ಮಾತು, ‘ನಿನ್ನಯ ವೀರರೈವರ ನೋಯಿಸೆನು ರಾಜೀವಸಖನಾಣೆ’. ಕೌರವನ ಋಣಕ್ಕೆ ಹೋರಾಡುತ್ತೇನೆ, ದೇಹ ಕೊಡುತ್ತೇನೆ, ಆದರೆ ನಿನ್ನ ಐವರನ್ನು ನೋಯಿಸುವುದಿಲ್ಲ, ಸೂರ್ಯನಾಣೆ. ಅಂದರೆ ಹುಡುಗಿ ಬರೆದದ್ದು ಅಕ್ಷರಶಃ ಅಲ್ಲೇ ಇದೆ. ಅವರನ್ನು ಹೊಡೆಯಲು ಮನಸ್ಸು ಬರುವುದಿಲ್ಲ. ನನ್ನ ಸ್ವಾಮಿನಿಷ್ಠೆ ಸುಳ್ಳಲ್ಲ, ಋಣದ ಮಾತು ಇದೆಯಲ್ಲ. ಆದರೆ ಅದು ಅರ್ಧ. ಉಳಿದರ್ಧ ಅವಳ ಸೊನ್ನೆಯೊಳಗಿತ್ತು.

ಇದೆಲ್ಲ ನನಗೆ ಹೊಳೆದದ್ದು ರಾತ್ರಿ. ಅವಳು ಎದುರಿಗೆ ನಿಂತಿದ್ದಾಗ ನಾನೇನು ಹೇಳಿದೆ ಅನ್ನುವುದನ್ನು ಹೇಳಬಾರದು ಅಂದುಕೊಂಡೇ ಈ ಪತ್ರ ಶುರು ಮಾಡಿದ್ದು. ಆದರೂ ಹೇಳುತ್ತೇನೆ. ‘ಅದೆಲ್ಲ ಜಾಸ್ತಿ ಯೋಚನೆ ಮಾಡಬೇಡ, ಪರೀಕ್ಷೆಗೆ ಸ್ವಾಮಿನಿಷ್ಠೆ ಅಂತಲೇ ಬರಿ’ ಅಂದೆ. ಅವಳು ‘ಸರಿ ಸರ್’ ಅಂದು ಆ ಸಾಲಿಗೆ ನೀಟಾಗಿ ಗೆರೆ ಎಳೆದಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಸ್ವಾಮಿನಿಷ್ಠೆ’ ಅಂತ ಬರೆದುಕೊಂಡು ಹೋದಳು. ಮುಖದಲ್ಲಿ ಬೇಸರ ಕೂಡ ಇರಲಿಲ್ಲ ಕಣೋ. ಮೇಷ್ಟ್ರು ಹೇಳಿದರು, ಆಯಿತು. ಆ ‘ಸರಿ ಸರ್’ ಇನ್ನೂ ಕಿವಿಯಲ್ಲಿದೆ.

ಯಾಕೆ ಹಾಗೆ ಹೇಳಿದೆ? ಭಯ. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಇರಲಿಲ್ಲ ಅಂದರೆ, ನಾನು ಪದ್ಯ ಓದುವುದನ್ನೇ ಬಿಟ್ಟಿದ್ದೆ. ನೋಟ್ಸ್ ಓದುತ್ತಿದ್ದೆ. ಮೊದಲ ವರ್ಷ ಬರೆದಿಟ್ಟ ಕಂದು ರಟ್ಟಿನ ಒಂದು ಪುಸ್ತಕ ಇದೆ, ಪ್ರತಿ ವರ್ಷ ಅದೇ. ತರಗತಿಯಲ್ಲಿ ಪದ್ಯ ಒಂದು ಸಲ ರಾಗವಾಗಿ ಹೇಳುತ್ತೇನೆ, ದನಿ ಚೆನ್ನಾಗಿದೆ ಅಂತ ಮಕ್ಕಳಿಗೆ ಖುಷಿ. ಆಮೇಲೆ ಪದಗಳ ಅರ್ಥ, ಆಮೇಲೆ ಸಾರಾಂಶ ಬರೆಸುವುದು, ಆಮೇಲೆ ಕವಿ ಪರಿಚಯ: ಗದುಗಿನ ನಾರಣಪ್ಪ, ಕೋಳಿವಾಡ, ರೂಪಕ ಸಾಮ್ರಾಜ್ಯ ಚಕ್ರವರ್ತಿ. ‘ಆಯ್ಕೆ, ಸಂದರ್ಭ, ಸ್ವಾರಸ್ಯ’ ಮೂರೂ ತಲೆಬರಹದಡಿ ಎರಡೆರಡು ಸಾಲು. ಸ್ವಾರಸ್ಯವನ್ನೂ ನಾನೇ ಬರೆಸುತ್ತೇನೆ. ಇನ್ನೊಬ್ಬರಿಗೆ ಏನು ಸ್ವಾರಸ್ಯ ಅನ್ನಿಸಬೇಕು ಅಂತ ಹೇಳಿ ಬರೆಸುವುದು! ಕೈಬರಹ ಚೆನ್ನಾಗಿರಲಿ ಅಂತ ಕೂಡ ಹೇಳುತ್ತೇನೆ.

ಅದೇ ನಾವು ಓದುತ್ತಿದ್ದಾಗ ಹೇಗಿತ್ತು, ನೆನಪಿದೆಯಾ? ಪಂಪನ ಆ ನೆತ್ತದ ಪದ್ಯ, ಪಗಡೆಯಾಟದ್ದು. ‘ನೆತ್ತಮನಾಡಿ ಭಾನುಮತಿ ಸೋಲ್ತೊಡೆ’. ಇದೂ ಕರ್ಣ ಕೃಷ್ಣನಿಗೆ ಕೊಡುವ ಉತ್ತರವೇ, ಕುಮಾರವ್ಯಾಸನಿಗಿಂತ ಹತ್ತಿರ ಹತ್ತಿರ 500 ವರ್ಷ ಹಿಂದಿನದು. ದುರ್ಯೋಧನನ ಹೆಂಡತಿ ಭಾನುಮತಿ ಸೋತಳು ಸರಿ, ಆಡಿದ್ದು ಯಾರ ಜೊತೆ? ಪಣ ಕೊಡು ಅಂತ ಕಾಡಿದವನು ಕರ್ಣನೋ ದುರ್ಯೋಧನನೋ? ಪದ್ಯದಲ್ಲಿ ಕರ್ತೃವೇ ಇಲ್ಲ. ಹಾರ ಹರಿಯಿತು, ಮುತ್ತು ಚೆಲ್ಲಿತು, ರಾಜ ‘ಇವನಾಯ್ವುದೊ’, ಇವನ್ನು ಆರಿಸಿಕೊಡಲೇ ಅಂತ ಕೇಳಿದ. ನೀನು ಕರ್ಣ ಅಂದೆ, ನಾನು ಅಲ್ಲ ಅಂದೆ. ದೊಡ್ಡ ದೊಡ್ಡ ವಿದ್ವಾಂಸರೇ ಇದರ ಬಗ್ಗೆ ಜಗಳವಾಡಿದ್ದಾರೆ ಅಂತ ಗೊತ್ತಾದ ಮೇಲೆ ನಮಗೆ ಇನ್ನೂ ಹುರುಪು ಬಂತು. ಬೆಳಗಿನ ಜಾವದವರೆಗೆ ಒಂದೇ ಪದ್ಯ, ನೀನು ಚಾಪೆ ಹೊತ್ತುಕೊಂಡು ಮೆಟ್ಟಿಲ ಮೇಲೆ ಹೋಗಿ ಮಲಗುವವರೆಗೆ. (ಚಾಪೆ ವಿಷಯ ಇಲ್ಲಿಗೇ ಬಿಡುತ್ತೇನೆ.) ಆ ರಾತ್ರಿ ನಾವು ಮಾಡಿದ್ದು ಓದು. ಅದರ ರುಚಿ ಗೊತ್ತಿದ್ದೂ ನನ್ನ ಮಕ್ಕಳಿಗೆ ಒಂದು ಸಲವೂ ಕೊಡಲಿಲ್ಲವಲ್ಲ ಅನ್ನುವುದು ನನಗೆ ತುಂಬ ನೋವಿನ ವಿಷಯ. ಬೇರೆ ಯಾರೂ ತಡೆದಿರಲಿಲ್ಲ.

ಹಾಗಂತ ನೋಟ್ಸ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತರಗತಿಯಲ್ಲಿ ಏಳೆಂಟು ಮಕ್ಕಳಿಗೆ ಇವತ್ತಿನ ಕನ್ನಡವೇ ತಡವರಿಸದೆ ಓದಲು ಬರುವುದಿಲ್ಲ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರೆ. ಅವರಿಗೆ ಆ ನಾಲ್ಕು ಸಾಲಿನ ಉತ್ತರ ಬಾವಿಗೆ ಬಿಟ್ಟ ಹಗ್ಗ ಇದ್ದ ಹಾಗೆ. ಹಗ್ಗ ಕಿತ್ತುಕೊಂಡು, ಸ್ವಂತ ಯೋಚನೆ ಮಾಡಿ ಅಂದರೆ ಅನ್ಯಾಯ. ಪಾಸಾಗುವುದು ಅವರಿಗೆ ಮುಂದಿನ ದಾರಿಯ ಪ್ರಶ್ನೆ. ಇದು ನನಗೆ ಇನ್ನೂ ಬಗೆಹರಿದಿಲ್ಲ.

ಆದರೂ ಒಂದು ಬದಲಾವಣೆ ಮಾಡಿದೆ. ಆ ಪದ್ಯಕ್ಕೇ ವಾಪಸ್ಸು ಹೋದೆ. ಅರ್ಥ ಹೇಳಲಿಲ್ಲ. ಮೊದಲು ಬೆಂಚಿನ ಮೇಲೆ ತಾಳ ಹಾಕಿಸಿದೆ. ಮೂರು ನಾಲ್ಕು ಮೂರು ನಾಲ್ಕು, ನಿನ್ನ ಕಾಲಿನ ಹೆಬ್ಬೆರಳಿನ ಲೆಕ್ಕ. ಭಾಮಿನಿ ಷಟ್ಪದಿಯಲ್ಲಿ ಸಣ್ಣ ಸಾಲಿಗೆ 14 ಮಾತ್ರೆ, ಮೂರನೇ ಮತ್ತು ಆರನೇ ಸಾಲಿಗೆ 23 ಅಂತ ಪ್ರಸ್ತಾರ ಹಾಕಿ ಅವರಿಗೆ ಗೊತ್ತೇ ಇತ್ತು, ಆದರೆ ಅದು ಕಿವಿಗೆ ಬಿದ್ದದ್ದು ಅವತ್ತೇ. ತಾಳ ಸಿಕ್ಕಮೇಲೆ ಪದ ಎಲ್ಲಿ ಒಡೆಯಬೇಕು ಅನ್ನುವುದು ಎಷ್ಟೋ ಕಡೆ ತಾನಾಗಿ ಸಿಕ್ಕಿತು. ‘ಶಿರವನರಿದೊಪ್ಪಿಸುವೆನೆಂಬೀ’ ಅನ್ನುವ ಅಷ್ಟುದ್ದದ್ದು ಶಿರವನು, ಅರಿದು, ಒಪ್ಪಿಸುವೆನು, ಎಂಬ, ಈ ಅಂತ ಬಿಡಿಬಿಡಿಯಾಗಿ ಬಂತು. ಒತ್ತಕ್ಷರಕ್ಕೆ ನಿಲ್ಲುವ ಹುಡುಗನೊಬ್ಬ ತಾಳದ ಜೊತೆ ನಿಲ್ಲದೆ ಓದಿದ. ಅವನಿಗೇ ಆಶ್ಚರ್ಯ, ಸುತ್ತ ಒಂದು ಸಲ ನೋಡಿದ.

ಆಮೇಲೆ, ಪದ್ಯದಲ್ಲಿ ಕ್ರಿಯಾಪದ ಮಾತ್ರ ಹುಡುಕಿ, ಆಗಿಹೋದದ್ದು ಯಾವುದು, ಆಗುವುದು ಯಾವುದು ಹೇಳಿ ಅಂದೆ. ಇಷ್ಟೇ. ‘ಕೊಂದೆ’ ಬಂದಾಗ ಜಗಳ ಶುರುವಾಯಿತು. ಸತ್ತೇ ಇಲ್ಲವಲ್ಲ, ಕೊಂದೆ ಅಂತ ಹೇಗೆ ಹೇಳುತ್ತಾನೆ? ತಪ್ಪಾಗಿ ಅಚ್ಚಾಗಿದೆ ಅಂದ ಒಬ್ಬ. ಇನ್ನೊಬ್ಬಳು, ‘ನಮ್ಮಲ್ಲೂ ಹಾಗೇ ಹೇಳ್ತಾರಲ್ಲ, ಕೊಂದುಬಿಟ್ಟೆ ಮಾರಾಯಾ ಅಂತ’ ಅಂದಳು. ಸೊನ್ನೆ ತಗೊಂಡ ಹುಡುಗಿ ಏನೂ ಮಾತಾಡಲಿಲ್ಲ. ಅರ್ಧ ತರಗತಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ, ಅದನ್ನೂ ಹೇಳಬೇಕು. ಮುಂದಿನ ಬೆಂಚಿನವನು ಎರಡು ಸಲ ಕೇಳಿದ, ‘ಇದನ್ನು ಬರ್ಕೋಬೇಕಾ ಸರ್?’ ಬೇಡ ಅಂದೆ. ಪೆನ್ನಿನ ಮುಚ್ಚಳ ಹಾಕಿ ಕಿಟಕಿ ಕಡೆ ನೋಡುತ್ತ ಕೂತ. ಒಂದು ಪದ್ಯಕ್ಕೆ ಇಡೀ ಪೀರಿಯಡ್ ಹೋಯಿತು. ಹೀಗೇ ಹೋದರೆ ಪಾಠ ಮುಗಿಯುವುದಿಲ್ಲ, ಗೊತ್ತು. ಹತ್ತರಲ್ಲಿ ಎರಡು ಪದ್ಯಕ್ಕಾದರೂ ಹೀಗೆ ಮಾಡುತ್ತೇನೆ. ಆ ಕಂದು ಪುಸ್ತಕ ಬೀರುವಿನಲ್ಲಿದೆ, ಬೀಗದ ಕೈ ಇನ್ನೊಬ್ಬ ಮೇಷ್ಟ್ರ ಹತ್ತಿರ ಕೊಟ್ಟಿದ್ದೇನೆ.

ನೀನು ರಜೆ ಹಾಕಿ ಒಂದು ದಿನ ಬಾ. ನೆತ್ತದ ಪದ್ಯ ಮಕ್ಕಳ ಮುಂದೆ ಇಡೋಣ. ನೀನು ಕರ್ಣನ ಕಡೆ ಮಾತಾಡು, ನಾನು ಇನ್ನೊಂದು ಕಡೆ, ಅವರೇ ತೀರ್ಪು ಕೊಡಲಿ. ಅವರಿಗೆ ಹಳಗನ್ನಡ ಕಷ್ಟವಾಗುತ್ತದೆ ಅಂತ ನೀನು ಅನ್ನಬಹುದು. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಒಂದು ಸಲ ಹೇಳಿಕೊಟ್ಟರೆ ಉಳಿದದ್ದನ್ನು ಅವರೇ ಎಳೆದಾಡಿ ತೆಗೆಯುತ್ತಾರೆ. ಚಾಪೆ ತರಬೇಡ.

ಹಾಂ, ಅವಳ ಪತ್ರಿಕೆ ವಾಪಸ್ಸು ತರಿಸಿಕೊಂಡೆ. ಎಲ್ಲರ ಮುಂದೆಯೇ ಹೇಳಿದೆ, ನಿನ್ನ ಉತ್ತರ ಸರಿ ಇತ್ತು, ನಾನು ಪದ್ಯ ಸರಿಯಾಗಿ ಓದಿರಲಿಲ್ಲ, ಆ ದಿನ ನಿನಗೆ ಹೇಳಿದ್ದೂ ತಪ್ಪು ಅಂತ. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಸೊನ್ನೆ ಹೊಡೆದು 2 ಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಅವಳು ಪತ್ರಿಕೆ ತಗೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಮೊದಲ ಪುಟ ತೆಗೆದು ಮೇಜಿನ ಮೇಲಿಟ್ಟಳು.

‘ಸರ್, ಟೋಟಲ್ಲೂ ಬದಲಾಯಿಸಿ.’

ಬದಲಾಯಿಸಿದೆ ಮಾರಾಯ. ಬೇಗ ಬಾ. ತೊರಡೆ ಸಿವರೋಣ.

ನಿನ್ನ
ಹಳೇ ಗಮ್ಮಿಲ