ಮಗುವಿನ ನೆಗಡಿ ಮುಚ್ಚಿಡಬೇಡಿ

ಮಾನ್ಯ ಸಂಪಾದಕರೇ,

ದಸರಾ ರಜೆ ಬಂತೆಂದರೆ ಮಕ್ಕಳ ಟಾನ್ಸಿಲ್ ಆಪರೇಷನ್‌ಗಳೂ ಜಾಸ್ತಿ. ಶಾಲೆ ತಪ್ಪುವುದಿಲ್ಲ ಅಲ್ವಾ? ಆದರೆ ಆ ದಿನವೇ ಮಗುವಿಗೆ ನೆಗಡಿಯಾಗಿದ್ದರೆ, ರಜೆ ಕಳೆದುಹೋಗುತ್ತದೆಂದು ಮನೆಯವರು ಹೇಳುವುದೇ ಇಲ್ಲ. ಅರಿವಳಿಕೆ ಕೊಡುವ ನನಗೆ ಹೆದರಿಕೆ ಇರುವುದು ಇಲ್ಲೇ.

ಟಾನ್ಸಿಲ್‌ನಲ್ಲಿ ಸರ್ಜನ್ ಕೆಲಸ ಮಾಡುವುದೂ, ನಮ್ಮ ಉಸಿರಿನ ಕೊಳವೆ ಹೋಗುವುದೂ ಅದೇ ಪುಟ್ಟ ಬಾಯಲ್ಲಿ. ಬಾಯಿ ಅಗಲಿಸಿ ನಾಲಿಗೆ ಒತ್ತಿ ಹಿಡಿಯುವ ಉಪಕರಣದ ಅಡಿಗೆ ಸಿಕ್ಕಿ ಕೊಳವೆ ಅಮುಕಿಹೋಗಬಹುದು. ಅದಕ್ಕೇ ಆ ಉಪಕರಣ ಕೂರಿಸುವಾಗ ಮಗುವಿಗೆ ಗಾಳಿ ಕೊಡುವ ಉಸಿರಿನ ಚೀಲ ನನ್ನ ಕೈಯಲ್ಲೇ ಇರುತ್ತದೆ, ಚೀಲ ಒತ್ತಲು ಗಟ್ಟಿಯಾಯಿತೆಂದರೆ 'ಸಡಿಲ ಮಾಡಿ' ಎನ್ನುತ್ತೇನೆ. ಮುಗಿದ ಮೇಲೆ ಕಿರುನಾಲಿಗೆಯ ಹಿಂದೆ ರಕ್ತದ ಹೆಪ್ಪು ಅಡಗಿದೆಯಾ ಎಂದೂ ನೋಡಲೇಬೇಕು. ಉಳಿದುಬಿಟ್ಟರೆ ಅದು ಜಾರಿ ಉಸಿರಿನ ದಾರಿಗೇ ಬೀಳಬಹುದು.

ಆಮೇಲೆ ಕೊಳವೆ ತೆಗೆಯುವ ಹೊತ್ತು. ನೆಗಡಿಯಾದ ಗಂಟಲು ಸುಮ್ನೆ ಇರುವುದಿಲ್ಲ. ಒಂದು ಹನಿ ಕಫವೋ ರಕ್ತವೋ ತಾಗಿದರೂ ಧ್ವನಿಪೆಟ್ಟಿಗೆ ಬಿಗಿದು ಮುಚ್ಚಿಕೊಳ್ಳಬಹುದು. ಎದೆ ಎಳೆಯುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ, ಮಾನಿಟರ್‌ನ ಸದ್ದು ತಗ್ಗುತ್ತಾ ಹೋಗುತ್ತದೆ. ಮಾಸ್ಕ್ ಒತ್ತಿ ಹಿಡಿದು ಆಕ್ಸಿಜನ್ ಕೊಡುತ್ತೇವೆ, ಬಿಡದಿದ್ದರೆ ಔಷಧಿ ಕೊಡುತ್ತೇವೆ. ಬಿಟ್ಟುಕೊಳ್ಳುವವರೆಗೆ ಆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ.

ಕಳೆದ ವರ್ಷ 5 ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. 'ಏನೂ ಇಲ್ಲ ಮೇಡಂ' ಎಂದರು ಅಮ್ಮ. ಅಷ್ಟರಲ್ಲಿ ಮಗು ಫ್ರಾಕಿನ ತೋಳಿಗೆ ಮೂಗು ಒರೆಸಿಕೊಂಡಿತು. ತೋಳು ಆಗಲೇ ಒಣಗಿ ಗಟ್ಟಿಯಾಗಿತ್ತು. ಎದೆ ಕೇಳಿದರೆ ಕಫ ಗೊರಗೊರ. ಮುಂದೂಡಿದೆ. ಕೂಲಿ ಬಿಟ್ಟು ಬಸ್ಸು ಹತ್ತಿ ಬಂದಿದ್ದ ಅಪ್ಪನಿಗೆ ಕೋಪ ಬಂತು, ಅವರ ಜಾಗದಲ್ಲಿದ್ದರೆ ನನಗೂ ಬರುತ್ತಿತ್ತು. ತಿಂಗಳಾದ ಮೇಲೆ ಅದೇ ಆಪರೇಷನ್ ಸಲೀಸಾಗಿ ಆಯಿತು.

ಬರೀ ಮೂಗು ಸೋರುತ್ತಿದ್ದರೆ ಎಷ್ಟೋ ಸಲ ಮುಂದೂಡುವುದಿಲ್ಲ. ಜ್ವರ, ಕಫದ ಕೆಮ್ಮು ಇದ್ದರೆ ಮಾತ್ರ ಕಾಯುತ್ತೇವೆ. ಆದರೆ ನಮಗೆ ಗೊತ್ತಿರಬೇಕು. ಎರಡು ವಾರದ ಹಿಂದಿನ ನೆಗಡಿಯನ್ನೂ ಹೇಳಿ. ಅಲುಗಾಡುವ ಹಾಲುಹಲ್ಲು ಇದ್ದರೆ ಹೇಳಿ. ಅಜ್ಜಿ ಪಾಪ ಎಂದು ಬೆಳಿಗ್ಗೆ ಒಂದು ಲೋಟ ಹಾಲು ಕುಡಿಸಿದ್ದರೂ ಹೇಳಿ, ಹಾಲಿಗೆ 6 ಗಂಟೆ ಬಿಡಬೇಕು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದಾ? ಅದನ್ನಂತೂ ಹೇಳಲೇಬೇಕು. ಅಂಥ ಮಕ್ಕಳಿಗೆ ನೋವಿನ ಬಲವಾದ ಔಷಧಿ ಸ್ವಲ್ಪ ಜಾಸ್ತಿಯಾದರೂ ಉಸಿರು ಕುಗ್ಗುತ್ತದೆ.

ಆಸ್ಪತ್ರೆಗಳಿಗೂ ಒಂದು ಮಾತು. ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಮನೆಯವರ ಜೊತೆ ಮಾತಾಡಿಸಿ, ಆಪರೇಷನ್ ಕೋಣೆಯ ಬಾಗಿಲಲ್ಲಿ ಅಲ್ಲ. ಮತ್ತೆ, ನೆಗಡಿಯ ಕಾರಣಕ್ಕೆ ಮುಂದೂಡಿದ ಮಗುವಿನ ದಾಖಲಾತಿಗೆ, ರಕ್ತಪರೀಕ್ಷೆಗೆ ಎರಡನೇ ಸಲ ದುಡ್ಡು ಕಟ್ಟಿಸಿಕೊಳ್ಳಬೇಡಿ.

– ಅರಿವಳಿಕೆ ವೈದ್ಯೆ, ಹಾಸನ